ಆಷಾಢದಲ್ಲಿ ಬೇಕಾಗುವ ರಕ್ತ

ಕೆಲವು ವರ್ಷಗಳ ಹಿಂದೆ, ಆಷಾಢದ ಜಡಿಮಳೆಯಲ್ಲಿ, ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ಅಕ್ಕನಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲದೇ ಹೋದಾಗ, ಅಲ್ಲಿನ ಫ್ರಿಜ್‌ನಲ್ಲಿ ಅವಳ ಗುಂಪಿನ ರಕ್ತ ಇದ್ದದ್ದು ಒಂದೇ ಬಾಟಲಿ. ಉಳಿದದ್ದು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರಬೇಕಿತ್ತು. ಭಾವ ಅಂಗಿಯ ತೋಳು ಮಡಚಿಕೊಂಡು, "ನನ್ನದೂ ಅದೇ ಗುಂಪು, ಈಗಲೇ ತೆಗೆದು ಹಾಕಿಬಿಡಿ ಸರ್" ಎಂದು ಅಂಗಲಾಚಿದರು. ವೈದ್ಯರು ಒಪ್ಪಲಿಲ್ಲ, ನಮಗೆಲ್ಲ ಸಿಟ್ಟು ಬಂತು.

ಆ ನಿರಾಕರಣೆಯ ಕಾರಣ ನನಗೆ ತಿಳಿದದ್ದು ಆಮೇಲೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಈ ಐದರ ಪರೀಕ್ಷೆಯಾಗದ ರಕ್ತವನ್ನು ಕೊಡುವಂತಿಲ್ಲ. ಅದಲ್ಲದೆ ಗಂಡನ ರಕ್ತ ಪಡೆದ ಹೆಂಡತಿಯ ದೇಹದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ ಮುಂದಿನ ಬಸಿರಿಗೆ ತೊಂದರೆಯಾಗಬಹುದು. ಒಡಹುಟ್ಟಿದವರ ತಾಜಾ ರಕ್ತವಾದರೆ, ಅದರ ಬಿಳಿಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ, ಅಪರೂಪವಾದರೂ ಬಹುತೇಕ ಮಾರಕವಾದ ಅಪಾಯವಿದೆ. ನಮ್ಮವರ ರಕ್ತವೇ ಸುರಕ್ಷಿತ ಎಂಬ ನಂಬಿಕೆಗೆ ಆಧಾರವಿಲ್ಲ.

ಇದ್ದ ಬಾಟಲಿಯನ್ನು ಮುಟ್ಟಿ ನೋಡಿದ ಅತ್ತೆ, ಇಷ್ಟು ತಣ್ಣಗಿರುವುದನ್ನು ಹೇಗೆ ಹಾಕುತ್ತಾರೆಂದು ಬಿಸಿನೀರಿನ ಚೆಂಬು ತಂದರು. ನರ್ಸ್ ತಡೆದರು: ಬಿಸಿ ಹೆಚ್ಚಾದರೆ ಕೆಂಪುಕಣಗಳು ಒಡೆಯುತ್ತವೆ, ಅಂಥ ರಕ್ತ ಜೀವಕ್ಕೇ ಎರವಾಗುತ್ತದೆ. ಅಕ್ಕನ ಹೆಸರು, ಗುಂಪು, ಚೀಟಿಯ ಸಂಖ್ಯೆಗಳನ್ನು ಅವರು ಇನ್ನೊಬ್ಬರೊಂದಿಗೆ ಎರಡು ಸಲ ಗಟ್ಟಿಯಾಗಿ ಓದಿ ತಾಳೆ ನೋಡಿ, ಮೊದಲ 15 ನಿಮಿಷ ಮಂಚದ ಪಕ್ಕದಿಂದ ಕದಲಲಿಲ್ಲ. ಗುಂಪು ತಪ್ಪಿದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಚಳಿ, ಜ್ವರ, ಸೊಂಟನೋವು ಕಾಣಿಸಿಕೊಳ್ಳುತ್ತವಂತೆ. ದುಬಾರಿ ಯಂತ್ರವಿಲ್ಲದ ಆಸ್ಪತ್ರೆಯಲ್ಲೂ ಸಾಧ್ಯವಿರುವ ಈ ಎಚ್ಚರವನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ.

ಉಳಿದ ಬಾಟಲಿಗಳು ಬಂದವು, ಅಕ್ಕ ಉಳಿದಳು. ಆದರೆ ರಸ್ತೆಗೆ ಮರ ಬಿದ್ದಿದ್ದರಿಂದ ಕಾಯ್ದ ಮೂರು ತಾಸುಗಳನ್ನು ನಾನು ಮರೆತಿಲ್ಲ. ನಮ್ಮಲ್ಲಿ ಶಿಬಿರಗಳು ನಡೆಯುವುದು ಹೆಚ್ಚಾಗಿ ಹಬ್ಬ, ಜಯಂತಿಗಳಂದು; ಒಂದೇ ದಿನ ರಾಶಿ ಬಾಟಲಿಗಳು ತುಂಬುತ್ತವೆ. 2ರಿಂದ 6 ಡಿಗ್ರಿಯಲ್ಲಿಟ್ಟರೂ ಪೂರ್ಣ ರಕ್ತ, ಅಂದರೆ ಘಟಕಗಳಾಗಿ ಬೇರ್ಪಡಿಸದ ರಕ್ತ, ಬಾಳುವುದು 35 ದಿನ ಮಾತ್ರ. ಬೇಸಿಗೆಯ ಶಿಬಿರದ ರಕ್ತ ಆಷಾಢಕ್ಕೆ ಉಳಿಯುವುದಿಲ್ಲ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದಾದ್ದರಿಂದ, ಊರಿನವರು ತಿಂಗಳು ಹಂಚಿಕೊಂಡು ಸರದಿಯಲ್ಲಿ ಕೊಟ್ಟರೆ ಫ್ರಿಜ್ ಮಳೆಗಾಲದಲ್ಲೂ ಖಾಲಿಯಾಗದು. ನಮ್ಮ ಕೇರಿಯ ಹನ್ನೊಂದು ಮಂದಿ ಹಾಗೆ ಪಟ್ಟಿ ಮಾಡಿಕೊಂಡಿದ್ದೇವೆ. ಈ ಸಲ ಜುಲೈ ನನ್ನದು, ಆಗಸ್ಟ್ ಭಾವನದು.