ಎರಡು ನಿಮಿಷ ಓಡಿ ನಿಲ್ಲುವ ಟ್ರ್ಯಾಕ್ಟರ್: ಕೊನೆಗೂ ಸಿಕ್ಕಿತು

ಸಿಕ್ಕಿತು! ಒಂಬತ್ತು ದಿನ ಕಾಡಿದ ಗಾಳಿ ಟ್ರ್ಯಾಕ್ಟರಿನ ಡೀಸೆಲ್ ಪೈಪಿನೊಳಗೆ ಎಲ್ಲಿಂದ ಹೋಗುತ್ತಿತ್ತು ಅಂತ ನಿನ್ನೆ ಬೆಳಿಗ್ಗೆ ಗೊತ್ತಾಯಿತು.

ಆಯಿಲ್ ಬದಲಿಸಿದ್ದು, ಗ್ರೀಸ್ ಹೊಡೆದದ್ದು ಎಲ್ಲ ಬಿಡುತ್ತೇನೆ, ನಿಮಗೆ ಗೊತ್ತಿರುವುದೇ. ತೊಂದರೆ ಶುರುವಾದದ್ದು ನಾನು ಮೊದಲ ಸಲ ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ. ಗಾಳಿ ತೆಗೆದೆ, ಸ್ಟಾರ್ಟ್ ಆಯಿತು, ಎರಡು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಸದ್ದು ಏರಿ ಇಳಿದು, ಏದುಸಿರು ಬಿಟ್ಟ ಹಾಗೆ ಮಾಡಿ ನಿಂತಿತು. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದರೆ ಬರೀ ನೊರೆ. ನೊರೆ ಹೋಗುವ ತನಕ ಒತ್ತಿ, ಬಿಗಿದು, ಸ್ಟಾರ್ಟ್ ಮಾಡಿದರೆ ಮತ್ತೆ ಎರಡೇ ನಿಮಿಷ.

ಹೊರಗೆ ಒಂದು ಹನಿ ಸೋರಿಕೆ ಕಾಣುವುದಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ತಳ್ಳುವ ಫೀಡ್ ಪಂಪಿನಿಂದ ಮುಂದೆ ಒತ್ತಡ ಇರುತ್ತದೆ, ಅಲ್ಲಿ ಸಡಿಲ ಇದ್ದರೆ ಡೀಸೆಲ್ ಹೊರಗೆ ಬರುತ್ತದೆ. ಪಂಪಿನ ಹಿಂದೆ, ಟ್ಯಾಂಕಿನ ಕಡೆ ಮಾತ್ರ ಎಳೆತ. ಅಲ್ಲಿ ಸಡಿಲ ಇದ್ದರೆ ಗಾಳಿ ಸುಮ್ನೆ ಒಳಗೆ ಹೋಗುತ್ತದೆ.

ಗಾರೆ ಕೆಲಸದವರ ಲೆವೆಲ್ ಪೈಪ್ ಇದೆಯಲ್ಲ, ಪಾರದರ್ಶಕದ್ದು, ಅದರ ಒಂದು ತುಂಡು ತಂದೆ. ಮೊದಲು ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪಿನ ಜಾಗಕ್ಕೆ ಹಾಕಿದೆ. ಗುಳ್ಳೆ ಇಲ್ಲ. ಆಮೇಲೆ ಪಂಪಿನಿಂದ ಫಿಲ್ಟರಿಗೆ ಹೋಗುವ ಕಡೆ ಹಾಕಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು! ಅಂದರೆ ಕಳ್ಳ ಪಂಪಿನಲ್ಲೇ ಇದ್ದಾನೆ. ಟ್ಯಾಂಕ್ ಮೇಲಿದೆ, ಇಂಜಿನ್ ನಿಂತಾಗ ಅದೇ ಜಾಗದಲ್ಲಿ ಒಂಚೂರಾದರೂ ಒಸರಬೇಕು, ಅಲ್ವಾ? ಪಂಪನ್ನು ಒರೆಸಿ ಒಣಗಿಸಿ, ಅಮ್ಮನ ಮುಖದ ಪೌಡರ್ ಉದುರಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಳಬರುವ ಬದಿಯ ಬೋಲ್ಟಿನ ಕೆಳಗೆ ಉಗುರಿನಷ್ಟು ಅಗಲದ ಒದ್ದೆ ಕಲೆ.

ಫಿಲ್ಟರ್ ಬದಲಿಸಿದಾಗ ಪಂಪಿನ ಕಸ ಸೋಸುವ ಜಾಲಿ ತೊಳೆಯಲು ಆ ಬೋಲ್ಟ್ ಬಿಚ್ಚಿದ್ದೆ. ತಾಮ್ರದ ವಾಷರ್ ಹಳೆಯದನ್ನೇ ಹಾಕಿದ್ದೆ. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ.

ಹೊಸದು ತರಲು ಪೇಟೆಗೆ ಹೋದರೆ 14 ಎಂಎಂ ವಾಷರ್ ಕೇಳಿದ್ದಕ್ಕೆ 16ರದ್ದು ಕೊಟ್ಟು "ಎಲ್ಲ ಒಂದೇ ಮಾರಾಯ್ರೇ" ಎಂದರು. ಒಂದಲ್ಲ! ಬೋಲ್ಟಿನಲ್ಲಿ ಅತ್ತಿತ್ತ ಜಾರುತ್ತದೆ. ಇದೇ ಅಂಗಡಿ ಫಿಲ್ಟರಿಗೂ ನಾಲ್ಕು ದಿನ ಕಾಯಿಸಿತ್ತು. ಪಕ್ಕದ ಮನೆಯ ಟಿಲ್ಲರ್ ಅಣ್ಣ ಹೇಳಿದರು, "ಹಳೆಯದನ್ನೇ ಕಾಯಿಸು ಮಾರಾಯ." ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದೆ. ಮಂದ ಕೆಂಪು ಬಂದ ಕೂಡಲೇ ನೀರಿಗೆ ಹಾಕಿದೆ. ಗಟ್ಟಿಯಾದ ತಾಮ್ರ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನ ಹಾಗಲ್ಲ, ಕಾಯಿಸಿ ನೀರಿಗೆ ಹಾಕಿದರೂ ಮೆತ್ತಗೇ ಇರುತ್ತದೆ. ಕಪ್ಪನ್ನು ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ ಹಾಕಿದೆ.

ಈ ಗುಂಗಿನಲ್ಲೇ ತೋಟದ ಬದಿಯ ಅಜ್ಜನ ಸೀಮೆಎಣ್ಣೆ ಪಂಪ್‌ಸೆಟ್ ನೋಡಿ ಬಂದೆ. ಫ್ಲೈವೀಲ್ ಕೈಯಲ್ಲೇ ತಿರುಗುತ್ತದೆ, ಪಿಸ್ಟನ್ ಹಿಡಿದಿಲ್ಲ! ಈ ಮಳೆಗಾಲ ಪೂರ್ತಿ ಅದೇ ಕೆಲಸ. ಮೊದಲು ಕಾರ್ಬೊರೇಟರ್ ಬಿಚ್ಚಬೇಕು.

ಟ್ರ್ಯಾಕ್ಟರ್ ನಿನ್ನೆ ನಲವತ್ತು ನಿಮಿಷ ಒಂದೇ ಸಮನೆ ಓಡಿತು, ನಾನೇ ನಿಲ್ಲಿಸಿದೆ. ಮಳೆಗಾಲದ ಮುಂಚೆ ಬರುವ ತುಳುನಾಡಿನ ಪತ್ತನಾಜೆ ದಿನ ಕಳೆದಿದೆ, ಏಣೇಲು ಅಂದರೆ ಮಳೆಗಾಲದ ಬೆಳೆಗೆ ಎಂಒ4 ಭತ್ತದ ಬೀಜ ಮನೆಗೆ ಬಂದಿದೆ. ನಾಳೆ ಕೆಸರಿಗೆ ಬೇಕಾದ ಕಬ್ಬಿಣದ ಕೇಜ್ ವೀಲ್ ಹಾಕಿ ಬೈಲಿಗೆ ಇಳಿಸುತ್ತೇನೆ. ಟೂಲ್ ಬಾಕ್ಸಿನಲ್ಲಿ ಕಾಯಿಸಿದ ವಾಷರ್ ಇನ್ನೂ ನಾಲ್ಕಿವೆ. ಬ್ರಹ್ಮಾವರದ ಸುತ್ತಮುತ್ತ ಯಾರಿಗಾದರೂ 14ರದ್ದು ಬೇಕಿದ್ದರೆ ಹೇಳಿ.