ಹಾಲಿನ ಲೆಕ್ಕದ ಎಪಿಐ: ಬರೀ ತಪ್ಪು ಇನ್‌ಪುಟ್ ಕೊಟ್ಟ ವಾರ

ಮನೆಯ ಹಾಲಿನ ಲೆಕ್ಕಕ್ಕೆ ಪೈಥಾನ್‌ನಲ್ಲಿ ಬರೆಯುತ್ತಿರುವ ಪುಟ್ಟ ಎಪಿಐಗೆ (ಕಳಿಸಿದ ಮಾಹಿತಿ ತಗೊಂಡು ಉತ್ತರ ಕೊಡುವ ಪ್ರೋಗ್ರಾಂ) ಈ ವಾರ ಹೊಸದೇನೂ ಸೇರಿಸಲಿಲ್ಲ. ತಪ್ಪು ಇನ್‌ಪುಟ್ ಕೊಟ್ಟು ಕೆಡಿಸಲು ನೋಡಿದ್ದೇ ಕೆಲಸ. ದಿನಾಂಕ, ಲೀಟರ್ ಇಷ್ಟೇ ಅಲ್ವಾ, ಒಂದು ಗಂಟೆ ಸಾಕು ಅಂದುಕೊಂಡಿದ್ದೆ.

ಮೊದಲ ದಿನ 14 ನೆಗೆಟಿವ್ ಟೆಸ್ಟ್ ಬರೆದೆ, ಅಂದರೆ ತಪ್ಪು ಕೊಟ್ಟರೆ ಎಪಿಐ ಬೇಡ ಅನ್ನುತ್ತದಾ ಅಂತ ನೋಡುವ ಟೆಸ್ಟ್‌ಗಳು. ಎಲ್ಲವೂ ಹಸಿರು. ಅಷ್ಟು ಸಲೀಸಾಗಿ ಪಾಸಾದದ್ದೇ ಅನುಮಾನ ತಂದಿತು. ಎಪಿಐ ಕೋಡ್‌ನಲ್ಲಿ ಲೀಟರ್ ಪರೀಕ್ಷಿಸುವ ಸಾಲನ್ನು ಸುಮ್ನೆ ಅಳಿಸಿ ಮತ್ತೆ ಓಡಿಸಿದೆ. ಆಗಲೂ ಹಸಿರು! ಹುಡುಕಿದರೆ, ಲೀಟರ್‌ನ ಟೆಸ್ಟ್‌ಗಳಲ್ಲೆಲ್ಲ ದಿನಾಂಕ 2023ರ ಫೆಬ್ರವರಿ 29 ಅಂತ ಇತ್ತು. ದಿನಾಂಕದ ಟೆಸ್ಟ್‌ನಿಂದ ಕಾಪಿ ಹೊಡೆದದ್ದು. ಇಲ್ಲದ ಆ ದಿನಾಂಕಕ್ಕೇ 400, ಅಂದರೆ ‘ಕಳಿಸಿದ್ದು ತಪ್ಪು’ ಎಂಬ ಉತ್ತರ, ಬಂದುಬಿಡುತ್ತಿತ್ತು. ಮೈನಸ್ 2 ಲೀಟರನ್ನು ಕೋಡ್ ನೋಡುತ್ತಲೇ ಇರಲಿಲ್ಲ. ಈಗ ಒಂದು ಟೆಸ್ಟ್‌ಗೆ ಒಂದೇ ತಪ್ಪು, ಮಿಕ್ಕದ್ದೆಲ್ಲ ಸರಿ. 400 ಬಂದರಷ್ಟೇ ಸಾಲದು, ಯಾವುದು ತಪ್ಪು ಎಂದು ಉತ್ತರದಲ್ಲಿದೆ ಅನ್ನುವುದನ್ನೂ ನೋಡುತ್ತೇನೆ.

ಆಮೇಲೆ ಸಿಕ್ಕಿದ್ದು ನ್ಯಾನ್ (nan). ಲೀಟರ್ ಜಾಗದಲ್ಲಿ ಆ ಮೂರಕ್ಷರ ಕಳಿಸಿದರೆ ಪೈಥಾನ್‌ನ ಫ್ಲೋಟ್ (ಬರೆದದ್ದನ್ನು ದಶಮಾಂಶ ಸಂಖ್ಯೆ ಮಾಡುವ ಫಂಕ್ಷನ್) ಬೇಡ ಅನ್ನುವುದಿಲ್ಲ, ‘ಸಂಖ್ಯೆಯಲ್ಲ’ ಎಂಬ ಬೆಲೆ ಮಾಡಿ ಕೊಡುತ್ತದೆ. ನನ್ನ ಕೋಡ್ ಕೇಳುತ್ತಿದ್ದದ್ದು: ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯಾ? ಅಲ್ಲ. 20ಕ್ಕಿಂತ ಜಾಸ್ತಿಯಾ? ಅದೂ ಅಲ್ಲ. ಸರಿ, ಒಳಗೆ ಬಾ! ನ್ಯಾನ್ ಜೊತೆ ಹೀಗೆ ಹೋಲಿಸಿದರೆ ಯಾವಾಗಲೂ ಸುಳ್ಳು ಅಂತಲೇ ಬರುತ್ತದೆ. ಅದನ್ನು ಕೂಡಿದ ಮೇಲೆ ಇಡೀ ತಿಂಗಳ ಮೊತ್ತವೂ ನ್ಯಾನ್. ಪ್ರಶ್ನೆಯನ್ನು ತಿರುಗಿಸಿದೆ: ಸೊನ್ನೆಗಿಂತ ಜಾಸ್ತಿ ಇದ್ದು 20 ದಾಟದಿದ್ದರೆ ಮಾತ್ರ ಒಳಗೆ. ಒಂದೇ ಸಾಲಿನ ಬದಲಾವಣೆ, ಹುಡುಕಲು ಒಂದು ಸಂಜೆ.

ಇನ್ನೊಂದು ಎಡವಟ್ಟು. 400 ಬಂದರೂ ತಿಂಗಳ ಮೊತ್ತ ಏರುತ್ತಿತ್ತು. ಮೊದಲು ಕೂಡಿ, ಆಮೇಲೆ ದಿನಾಂಕ ನೋಡುವ ಹಾಗೆ ಬರೆದಿದ್ದೆ. ಹಾಗಾಗಿ ಪ್ರತಿ ನೆಗೆಟಿವ್ ಟೆಸ್ಟ್‌ನ ಕೊನೆಗೆ ಮೊತ್ತ ಮೊದಲಿನಷ್ಟೇ ಇದೆಯಾ ಅಂತ ಈಗ ನೋಡುತ್ತೇನೆ.

ಭಾನುವಾರ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವರು ‘೧.೫’ ಅಂತ ಒತ್ತಿದರು. ಇದನ್ನು ತಡೆಯಬೇಕು ಅಂತ ಒಂದು ಟೆಸ್ಟ್ ಬರೆಯಲು ಹೊರಟಿದ್ದೆ, ಆದರೆ ಪೈಥಾನ್ ಕನ್ನಡ ಅಂಕಿಯನ್ನು ತಾನಾಗಿಯೇ ಓದುತ್ತದೆ. ಒಳ್ಳೆಯದೇ ಆಯಿತು, ಅದು ಸರಿಯಾದ ಇನ್‌ಪುಟ್‌ಗಳ ಸಾಲಿಗೆ ಹೋಯಿತು. ಮಾರನೆಯ ದಿನ ಅಮ್ಮ ‘ಒಂದೂವರೆ’ ಅಂತ ಟೈಪ್ ಮಾಡಿದರು. ‘ಲೀಟರ್ ಅಮಾನ್ಯ’ ಅಂತ ಬಂತು.

“ಏನೋ ಇದು, ನನ್ನನ್ನೇ ಬೈತಿದೆ?”

ಆ ಸಾಲು ಈಗ ‘ಲೀಟರನ್ನು ಅಂಕಿಯಲ್ಲಿ ಬರೆಯಿರಿ, 1.5 ಅಂತ’ ಎಂದಾಗಿದೆ.

ಒಂದು ಬಾಕಿ ಇದೆ. ಕನ್ನಡದ ಒಂದರ ಪಕ್ಕ ತೆಲುಗಿನ ಸೊನ್ನೆ ಇಟ್ಟರೂ ಪೈಥಾನ್ ಹತ್ತು ಅಂತಲೇ ಓದುತ್ತದೆ. ಕಣ್ಣಿಗೆ ಎರಡೂ ಸೊನ್ನೆ ಒಂದೇ. ತಡೆಯಬೇಕೋ ಬಿಡಬೇಕೋ ಇನ್ನೂ ತೀರ್ಮಾನ ಆಗಿಲ್ಲ.