ಹೈ ಗ್ರೌಂಡ್ಸ್‌ನಲ್ಲಿ ಒಂದು ರೌಂಡ್, ಡ್ರೈವರ್ ಬ್ಯಾಗಲ್ಲೇ

ಗಾಲ್ಫ್ ಆಡೋರ ಹತ್ರ ಹೈ ಗ್ರೌಂಡ್ಸ್‌ನಲ್ಲಿರೋ ಬೆಂಗಳೂರು ಗಾಲ್ಫ್ ಕ್ಲಬ್ ಅಂತ ಹೆಸರೆತ್ತಿ ನೋಡಿ, ಅರ್ಧ ಜನ "ಅಯ್ಯೋ ಅದಾ, ತುಂಬಾ ಶಾರ್ಟ್ ಕೋರ್ಸ್ ಕಣ್ರೀ" ಅಂತ ಮೂಗು ಮುರೀತಾರೆ. ಊರಾಚೆ ರೆಸಾರ್ಟ್ ಕೋರ್ಸ್‌ಗಳಲ್ಲಿ ಅಗಲವಾದ ಫೇರ್‌ವೇ (ಬಾಲ್ ಹೊಡ್ಕೊಂಡು ಹೋಗೋ ಹುಲ್ಲಿನ ದಾರಿ) ನೋಡಿ ಅಭ್ಯಾಸ ಆಗಿರೋರಂತೂ ಇದನ್ನ ಲೆಕ್ಕಕ್ಕೇ ತಗೊಳಲ್ಲ. ಮೊನ್ನೆ ಅಲ್ಲಿ ಆಡಿ ಬಂದೆ, ಬಂದ ಮೇಲೆ ನಂಗೆ ಅನ್ಸಿದ್ದು ಒಂದೇ, ಈ ಕೋರ್ಸ್‌ನ ಸಸಾರ ಮಾಡೋರು ಒಂದೋ ಅಲ್ಲಿ ಆಡಿಲ್ಲ, ಇಲ್ಲಾ ಆಡಿ ಸೋತು ಬಂದು ಸುಮ್ನಿದ್ದಾರೆ.

ಪ್ರೈವೇಟ್ ಕ್ಲಬ್ ಆದ್ರಿಂದ ನಾವಾಗೇ ನುಗ್ಗೋ ಹಾಗಿಲ್ಲ, ಮೆಂಬರ್ ಜೊತೆ ಇರಬೇಕು. ನಮ್ಮ ದೊಡ್ಡಪ್ಪನ ಮಗ ಅಲ್ಲಿ ಹಳೇ ಮೆಂಬರ್, ಎಷ್ಟೋ ಸಲ "ಬಾರೋ ಒಂದಿನ" ಅಂತ ಕರೀತಾನೇ ಇದ್ದ, ಈ ಸಲ ನನ್ನ ಆಫೀಸಿನ ಫ್ರೆಂಡ್ ಒಬ್ಬನ್ನೂ ಕರ್ಕೊಂಡು ಹೋದೆ. ಈ ಫ್ರೆಂಡ್ ಬಗ್ಗೆ ಒಂದ್ ಮಾತು ಹೇಳ್ಬೇಕು, ಆಸಾಮಿ ಬಾಲ್‌ನ 250 ಗಜ ಆರಾಮಾಗಿ ಹೊಡೀತಾನೆ, ಎಡಕ್ಕೋ ಬಲಕ್ಕೋ ಅನ್ನೋದು ಮಾತ್ರ ಆ ದೇವರಿಗೂ ಗೊತ್ತಿಲ್ಲ.

ಕ್ಲಬ್ ಶುರುವಾಗಿದ್ದು 1876 ರಲ್ಲಿ. ಬ್ರಿಟನ್ನಿನ ಹೊರಗೆ ಎಲ್ಲಕ್ಕಿಂತ ಹಳೇ ಗಾಲ್ಫ್ ಕ್ಲಬ್ ಕಲ್ಕತ್ತಾದ ರಾಯಲ್, ಅದು 1829, ನಮ್ಮದು ಅದಾಗಿ ಸುಮಾರು ಐವತ್ತು ವರ್ಷಕ್ಕೆ. 1876 ಅಂದ ತಕ್ಷಣ ನಂಗೆ ನೆನಪಾಗೋದು ಮಾತ್ರ ಬೇರೆ. ಅದೇ ವರ್ಷ ಧಾತು ಸಂವತ್ಸರ, ಅದಾದ ಮೇಲೆ ಈಶ್ವರ, ನಮ್ಮ ಹಿರಿಯರು ಧಾತು ಈಶ್ವರದ ಬರ ಅಂತಿದ್ರಲ್ಲ ಅದೇ, 1878 ರ ತನಕ ಎಳೆದು ಮೈಸೂರು ಸೀಮೇಲಿ ಲಕ್ಷಾಂತರ ಜನ ಸತ್ರು. ಆಗ ರಾಜ್ಯ ಇನ್ನೂ ಬ್ರಿಟಿಷ್ ಕಮಿಷನರ್ ಕೈಲಿತ್ತು, ಚಾಮರಾಜ ಒಡೆಯರಿಗೆ ವಾಪಸ್ ಬಂದಿದ್ದು 1881 ರಲ್ಲಿ. ಒಂದು ಕಡೆ ಹಳ್ಳಿಗಳಲ್ಲಿ ಗಂಜಿ ಇಲ್ಲ, ಇನ್ನೊಂದು ಕಡೆ ಸಾಹೇಬ್ರು ಗಾಲ್ಫ್ ಕ್ಲಬ್ ಶುರು ಮಾಡ್ತಾ ಇದ್ರು. ಇದನ್ನ ಹೇಳಿದ್ದಕ್ಕೆ ನಮ್ಮಣ್ಣ "ಆಡಕ್ ಬಂದಿದ್ಯೋ, ಭಾಷಣ ಮಾಡಕ್ ಬಂದಿದ್ಯೋ" ಅಂದ, ಸರಿ ಬಿಡಿ.

ಕೋರ್ಸ್ ವಿಷಯಕ್ಕೆ ಬರೋಣ. ಮಾಮೂಲಿ 18 ಹೋಲ್‌ಗೆ 120 ರಿಂದ 150 ಎಕರೆ ಬೇಕು ಅಂತಾರೆ, ಇಲ್ಲಿ ಹತ್ತಿರತ್ತಿರ ಅದರ ಅರ್ಧ ಜಾಗದಲ್ಲಿ ಹದಿನೆಂಟನ್ನೂ ಕೂರಿಸಿದ್ದಾರೆ. ಹಂಗಾಗಿ ಒಂದು ಫೇರ್‌ವೇ ಪಕ್ಕಕ್ಕೇ ಇನ್ನೊಂದು, ನಡುವೆ ಸಾಲು ಮರ, ಸುತ್ತ ರೋಡು, ರೋಡಲ್ಲಿ ಹೋಗೋರ ತಲೆ ಕಾಯೋಕೆ ಎತ್ತರೆತ್ತರದ ಬಲೆ. ಇಂಥ ಕಡೆ ಡ್ರೈವರ್, ಅಂದ್ರೆ ಎಲ್ಲಕ್ಕಿಂತ ದೂರ ಹೊಡೆಯೋ ಕೋಲು, ಎತ್ತೋದು ಅಂದ್ರೆ ಗೌರಿ ಹಬ್ಬದ ಹಿಂದಿನ ದಿನ ಸಿಟಿ ಮಾರ್ಕೆಟ್ ಒಳಗೆ ಬುಲೆಟ್ ಓಡಿಸಿದ ಹಾಗೆ, ಓಡಿಸಬಹುದು, ಆದ್ರೆ ಯಾಕೆ?

ಆ ಕಾಲಕ್ಕೆ ಗಾಲ್ಫ್‌ಗೆ ಇಷ್ಟು ಜಾಗ ಬೇಕಾಗ್ತಾನೂ ಇರ್ಲಿಲ್ಲ ಅನ್ನೋದು ನೆನಪಿರಲಿ. ಆಗಿನ ಬಾಲ್ ಗಟ್ಟಾ ಪರ್ಚಾ ಅನ್ನೋ ಮರದ ಅಂಟಿಂದ ಮಾಡಿದ ಗಟ್ಟಿ ಉಂಡೆ, ಕೋಲು ಹಿಕರಿ ಮರದ್ದು, ಹೆಚ್ಚಿನವರಿಗೆ 200 ಗಜ ದಾಟೋದೇ ಕಷ್ಟ. ಈಗ ಟೈಟಾನಿಯಂ ಡ್ರೈವರ್, ರಬ್ಬರ್ ಬಾಲ್, ಸಾಲದ್ದಕ್ಕೆ ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ, ಗಾಳಿ ತೆಳು, ಚೆನ್ನೈಲಿ 150 ಗಜ ಹೋಗೋ ಹೊಡೆತ ಇಲ್ಲಿ ಐದಾರು ಗಜ ಜಾಸ್ತೀನೇ ಹೋಗುತ್ತೆ. ಬಾಲ್ ದೂರ ಹೋಗೋದು ಕಲೀತು, ಜಾಗ ಮಾತ್ರ ಬೆಳೀಲಿಲ್ಲ, ಬೆಳೆಯೋಕೆ ಸುತ್ತ ಊರು ಬಿಡಬೇಕಲ್ಲ.

ನನ್ನ ಪಾಲಿಗೆ ಬಂದ ಕ್ಯಾಡಿ (ಬ್ಯಾಗ್ ಹೊತ್ತು ಸಲಹೆ ಕೊಡೋರು) ಗುಟ್ಟಹಳ್ಳಿಯವರು, ಐವತ್ತರ ಮೇಲೆ ವಯಸ್ಸು, ಮಾತು ಕಮ್ಮಿ. ಮೊದಲ ಟೀಲೇ, ಅಂದ್ರೆ ಹೋಲ್ ಶುರುವಾಗೋ ಜಾಗದಲ್ಲೇ, ನಾನು ಬ್ಯಾಗಿಗೆ ಕೈ ಹಾಕೋ ಮುಂಚೆ ಐರನ್ (ಡ್ರೈವರ್‌ಗಿಂತ ಕಮ್ಮಿ ದೂರದ ಕೋಲು) ತೆಗೆದು ಕೈಗೆ ಕೊಟ್ರು. "ಆ ಮರ ಐತಲ್ಲ ಸಾರ್, ಅದರ ಎಡಕ್ಕೆ. ಜೋರು ಬ್ಯಾಡ." ಅಷ್ಟೇ. ಫ್ರೆಂಡ್‌ಗೆ ಅವನ ಕ್ಯಾಡೀನೂ ಅದೇ ಹೇಳಿದ್ದು, ಇವನು ಕೇಳಬೇಕಲ್ಲ, ಡ್ರೈವರ್ ತಗೊಂಡು ಬೀಸಿದ, ಬಾಲ್ ಬಲಕ್ಕೆ ತಿರುಗಿ ಬಲೆಗೆ ಬಡಿದು ಪುಣ್ಯಕ್ಕೆ ಒಳಗೇ ಬಿತ್ತು. ಎರಡನೇ ಹೋಲಲ್ಲಿ ಮರ ದಾಟಿ ಪಕ್ಕದ ಫೇರ್‌ವೇಗೆ ಹೋಯ್ತು, ಎಲ್ಲರೂ ಸೇರಿ ಎಚ್ಚರಿಕೆಗೆ "ಫೋರ್!" ಅಂತ ಕಿರುಚಿದ್ವಿ, ಆ ಕಡೆ ಆಡ್ತಿದ್ದ ನಾಲ್ಕು ಜನ ಹಿರಿಯರು ಕೂಡಲೇ ತಲೆ ಮೇಲೆ ಕೈ ಇಟ್ಟು ಬಗ್ಗಿದ್ರು, ಬಾಲ್ ಬಿದ್ದ ಮೇಲೆ ಎದ್ದು ಏನೂ ಆಗದ ಹಾಗೆ ಆಟ ಮುಂದುವರಿಸಿದ್ರು. ಒಬ್ಬರ ಮುಖದಲ್ಲೂ ಸಿಟ್ಟಿಲ್ಲ! ಇಲ್ಲಿ ದಿನಾ ಆಗೋದೇ ಇದು ಅಂತ ಆಗ ಗೊತ್ತಾಯ್ತು. ಆಮೇಲೂ ಇವನು ಡ್ರೈವರ್ ಬಿಡಲಿಲ್ಲ, ಅದರ ಮೇಲೆ "ಒಂಬತ್ತು ಹೋಲ್ ಒಳಗೆ ನಿನ್ನ ಹಿಡೀತೀನಿ, ಇಲ್ಲಾಂದ್ರೆ ತಿಂಡಿ ನಂದು" ಅಂತ ಬೆಟ್ ಬೇರೆ ಕಟ್ಟಿದ.

ಗ್ರೀನ್ ಮೇಲೆ, ಅಂದ್ರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ನಮ್ಮ ಕ್ಯಾಡಿಯವರ ಕೆಲಸ ನೋಡೋಕೆ ಖುಷಿ. ಟೀವಿಲಿ ಪ್ರೊಗಳು ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡ್ತಾರಲ್ಲ, ಇವರು ಅದ್ಯಾವುದೂ ಮಾಡಲ್ಲ. ಬಾಲಿಂದ ಹೋಲ್ ತನಕ ಲೈನ್ ತುಳೀದೆ ಪಕ್ಕದಲ್ಲೇ ನಿಧಾನಕ್ಕೆ ನಡೀತಾರೆ, ಪಾದಕ್ಕೆ ಇಳಿಜಾರು ಗೊತ್ತಾಗುತ್ತೆ, ವಾಪಸ್ ಬಂದು ಒದ್ದೆ ಟವಲಲ್ಲಿ ಬಾಲ್ ಒರೆಸಿ, ಅದರ ಮೇಲಿರೋ ಗೆರೆ ಯಾವ ಕಡೆ ತಿರುಗಬೇಕೋ ಆ ಕಡೆ ತಿರುಗಿಸಿ ಇಡ್ತಾರೆ. "ಎರಡು ಕಪ್ ಲೆಫ್ಟ್ ಸಾರ್, ಕೊನೇಲಿ ತಿರುಗುತ್ತೆ." ಕಪ್ ಅಂದ್ರೆ ಹೋಲ್ ಅಗಲ, ನಾಲ್ಕೂಕಾಲು ಇಂಚು, ಪ್ರಪಂಚದ ಯಾವ ಕೋರ್ಸಿಗೆ ಹೋದ್ರೂ ಅಷ್ಟೇ. ನನ್ನ ಕಣ್ಣಿಗೆ ನೆಟ್ಟಗೇ ಕಾಣ್ತಿತ್ತು, ಆದ್ರೂ ಅವರು ಹೇಳಿದ ಕಡೆ ತಳ್ಳಿದೆ, ಬಾಲ್ ಹೋಲ್ ಹತ್ರ ಹೋಗಿ ಒಂದು ಕ್ಷಣ ಯೋಚನೆ ಮಾಡಿ ಬಲಕ್ಕೆ ತಿರುಗಿ ಒಳಗೆ ಬಿತ್ತು. ಅವರು ನನ್ನ ಮುಖ ಕೂಡ ನೋಡಲಿಲ್ಲ, ಫ್ಲ್ಯಾಗ್ ಸಿಕ್ಕಿಸಿ ಮುಂದಿನ ಟೀ ಕಡೆ ಹೊರಟೇ ಬಿಟ್ರು. 2019 ರಿಂದ ರೂಲ್ಸ್ ಬದಲಾಗಿದೆ, ಪಟ್ ಮಾಡೋವಾಗ (ಗ್ರೀನ್ ಮೇಲೆ ಬಾಲ್‌ನ ಹೋಲ್ ಕಡೆ ತಳ್ಳೋವಾಗ) ಫ್ಲ್ಯಾಗ್ ತೆಗೀಲೇಬೇಕು ಅಂತಿಲ್ಲ, ಇವರು ಮಾತ್ರ ಪ್ರತಿ ಸಲ ತೆಗೀತಾರೆ.

ನಮ್ಮ ದೇಶದಲ್ಲಿ ಹೆಚ್ಚಿನ ಕಡೆ ಕ್ಯಾಡಿಗಳಿಗೆ ಸಂಬಳ ಅಂತ ಇರಲ್ಲ, ರೌಂಡಿಗಿಷ್ಟು ಅಂತ ಆಡೋರು ಕೊಡೋದು, ಮಳೆ ಬಂದು ಕೋರ್ಸ್ ಮುಚ್ಚಿದ್ರೆ ಅವತ್ತಿನ ದುಡಿಮೆ ಇಲ್ಲ. ಆದ್ರೆ ಆಟ ಇವರಷ್ಟು ಗೊತ್ತಿರೋರು ಕಮ್ಮಿ. 2009 ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಇದೇ ಬೆಂಗಳೂರಲ್ಲಿ ಕ್ಯಾಡಿ ಆಗಿದ್ದೋರೇ. ಈ ಹೆಸರು ಹೇಳಿದಾಗ ಮಾತ್ರ ನಮ್ಮ ಕ್ಯಾಡಿಯವರು ಬಾಯಿ ಬಿಟ್ರು, ಆಮೇಲೆ ಎರಡು ಹೋಲ್ ಪೂರ್ತಿ ಅವರದ್ದೇ ಮಾತು.

ಇನ್ನು ಊರ ನಟ್ಟನಡುವೆ ಇಷ್ಟು ಜಾಗ ಕೆಲವೇ ಜನಕ್ಕೆ ಯಾಕೆ ಅಂತ ಕೇಳೋರಿದ್ದಾರೆ, ತಪ್ಪೇನಿಲ್ಲ, ನಂಗೂ ಆ ಪ್ರಶ್ನೆ ಇದೆ. ಮುಚ್ಚಿ ಬಿಲ್ಡಿಂಗ್ ಕಟ್ಟೋದಕ್ಕಂತೂ ನನ್ನ ಓಟಿಲ್ಲ, ಮಳೆ ನೀರು ಇಂಗೋ ಜಾಗ ಈ ಊರಲ್ಲಿ ಇನ್ನೆಷ್ಟು ಉಳಿದಿದೆ ಹೇಳಿ. ಆದ್ರೆ ಹಳೇ ಕ್ಲಬ್‌ಗಳೆಲ್ಲ ವಾರಕ್ಕೊಂದು ಬೆಳಿಗ್ಗೆ ಸರ್ಕಾರಿ ಸ್ಕೂಲ್ ಮಕ್ಕಳಿಗೆ ಗೇಟ್ ತೆಗೀಬಹುದು ಅಲ್ವಾ? ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಕಥೆ ನೋಡಿ, ಐದು ವರ್ಷದ ಮಗು, ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದಾಗ ಪಕ್ಕದಲ್ಲೇ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಡ್ರೈವಿಂಗ್ ರೇಂಜ್, ಅಂದ್ರೆ ಹೊಡೆತ ಅಭ್ಯಾಸ ಮಾಡೋ ಮೈದಾನ, ಕಣ್ಣಿಗೆ ಬಿತ್ತು, ಕುತೂಹಲಕ್ಕೆ ಒಳಗೆ ಹೋದಳು, ಟೋಕಿಯೊ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಳು. ಕಾಂಪೌಂಡು, ಬಲೆ, ಸೆಕ್ಯುರಿಟಿ ದಾಟಿ ಎಷ್ಟು ಮಕ್ಕಳ ಕಣ್ಣಿಗೆ ಈ ಆಟ ಬೀಳುತ್ತೆ?

ಯಾರಾದ್ರೂ ಮೆಂಬರ್ ನಿಮ್ಮನ್ನ ಕರೆದ್ರೆ ನೆಪ ಹೇಳದೆ ಹೋಗಿ. ಕಾಲರ್ ಇರೋ ಟೀ ಶರ್ಟ್ ಹಾಕ್ಕೊಳಿ, ಜೀನ್ಸ್ ಬೇಡ, ಹ್ಯಾಂಡಿಕ್ಯಾಪ್ ಕಾರ್ಡ್ (ನಿಮ್ಮ ಆಟದ ಮಟ್ಟ ತೋರಿಸೋದು) ಇದ್ರೆ ಜೊತೇಲಿರಲಿ, ಬಾಲ್ ನಾಲ್ಕು ಜಾಸ್ತಿ ಇಟ್ಕೊಳಿ, ಕ್ಯಾಡಿಗೆ ಕೊಡೋಕೆ ಕೈಲಿ ನೋಟಿರಲಿ, ಅವರ ಮುಂದೆ ನೆಟ್‌ವರ್ಕ್ ಇಲ್ಲ ಅಂತ ಫೋನ್ ತೋರಿಸ್ತಾ ನಿಲ್ಲಬೇಡಿ. ಆಡಿ ಮುಗಿಸಿ ಕ್ಲಬ್‌ಹೌಸಲ್ಲಿ ಆಮ್ಲೆಟ್, ಟೋಸ್ಟ್, ಕಾಫಿ ಆಯ್ತು. ಮೆಂಬರ್ ಲೆಕ್ಕಕ್ಕೇ ಹೋಗ್ಬೇಕು ಅಂತ ಬಿಲ್‌ಗೆ ಅಣ್ಣನೇ ಸೈನ್ ಹಾಕಿದ, ಬೆಟ್ ಸೋತ ನಮ್ಮ ಫ್ರೆಂಡ್ "ಅಯ್ಯೋ ನಾನ್ ಕೊಡ್ಬೇಕಿತ್ತು" ಅಂತ ಹೇಳ್ತಾ ಇನ್ನೊಂದು ಟೋಸ್ಟ್‌ಗೆ ಬೆಣ್ಣೆ ಹಚ್ಕೋತಾ ಇದ್ದ.